ಕಲಾವಸ್ತುಗಳ ವ್ಯಾಪಾರವೂ ಗ್ರಾಹಕನ ಗುರುತೂ

2007ನೆಯ ಇಸವಿಯ ಆಗಸ್ಟಿನಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿನ ಕೆನಡಿ ವಿಮಾನನಿಲ್ದಾಣಕ್ಕೆ ಒಂದು ಪೆಟ್ಟಿಗೆ ಬಂದಿತು. ಒಳಗಿರುವುದು ಒಂದು ಚಿತ್ರ, ಬೆಲೆ 100 ಡಾಲರು ಎಂದಿಷ್ಟೇ ಅದರೊಡನಿದ್ದ ಬೀಜಕದಲ್ಲಿ ಕಾಣಿಸಿತ್ತು, ಚಿತ್ರದ ಹೆಸರಿರಲಿಲ್ಲ. 200 ಡಾಲರಿಗೆ ಮೀರದ ಸರಕು ಸುಂಕವಿಲ್ಲದೆಯೂ ವಿಧ್ಯುಕ್ತವಾದ ಘೋಷಣೆಯಿಲ್ಲದೆಯೂ ಒಳಗೆ ಬರಬಹುದೆಂಬುದು ಆಗಿನ ಅಮೆರಿಕದ ನಿಯಮ. ಪೆಟ್ಟಿಗೆಯಲ್ಲಿದ್ದುದಾದರೋ ಬಾಸ್ಕಿಯಾ ಎಂಬ ಚಿತ್ರಕಾರನು 1982ರಲ್ಲಿ ರಚಿಸಿದ ‘ಹ್ಯಾನಿಬಲ್’. ಸರಕಾರದ ವಕೀಲರು ಅದಕ್ಕೆ ಕಟ್ಟಿದ ಬೆಲೆ 80 ಲಕ್ಷ ಡಾಲರು.

ಈ ಚಿತ್ರದ ಹಿಂದಿದ್ದವನು ಬ್ರೆಜಿಲ್ ದೇಶದ ಬ್ಯಾಂಕೋ ಸಾಂಟೋಸ್ ಎಂಬ ಬ್ಯಾಂಕಿನ ಸ್ಥಾಪಕನೂ ಅಧ್ಯಕ್ಷನೂ ಆಗಿದ್ದ ಎಡೆಮಾರ್ ಸಿಡ್ ಫೆರೇರಾ. 2004ರ ನವೆಂಬರಿನಲ್ಲಿ ಆ ದೇಶದ ಕೇಂದ್ರ ಬ್ಯಾಂಕು ಮಧ್ಯೆ ಪ್ರವೇಶಿಸುವ ವೇಳೆಗೆ ಬ್ಯಾಂಕಿನ ಬೊಕ್ಕಸ ಬರಿದಾಗಿತ್ತು. ಅಧ್ಯಕ್ಷನ ಸಂಗ್ರಹದಲ್ಲಿ ಮಾತ್ರ ಸುಮಾರು 12,000 ಕಲಾವಸ್ತುಗಳು ಸೇರಿದ್ದವು. 2006ರಲ್ಲಿ ಸಾವೊ ಪಾಲೊ ನಗರದ ನ್ಯಾಯಾಲಯವು ಅವನಿಗೆ 21 ವರ್ಷಗಳ ಸೆರೆಮನೆಯನ್ನು ವಿಧಿಸಿ, ಸಂಗ್ರಹವನ್ನು ಮುಟ್ಟುಗೋಲು ಹಾಕುವಂತೆ ಆಜ್ಞಾಪಿಸಿತು. ಅಧಿಕಾರಿಗಳು ಹೋಗಿ ನೋಡಿದರೆ ಅತ್ಯಂತ ಬೆಲೆಯುಳ್ಳ ಕೆಲವೇ ವಸ್ತುಗಳು ಅಲ್ಲಿರಲಿಲ್ಲ. ಠೇವಣಿದಾರರ ಹಣ ಮೊದಲು ಚಿತ್ರವಾಗಿ, ಚಿತ್ರವು ಪೆಟ್ಟಿಗೆಯಾಗಿ ಗಡಿಗಳನ್ನು ದಾಟಿತ್ತು. ಬ್ಯಾಂಕಿನ ಉದ್ಯೋಗದಲ್ಲಿ ಜೀವಮಾನ ಸವೆಸುವವರಿಗೆ ಈ ಕಥೆ ಹೆಚ್ಚು ನೋಯುವುದು ಸಹಜ. ಬೇಲಿಯೇ ಎದ್ದು ಹೊಲವನ್ನು ಮೇಯ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಚಿತ್ರದ ಒಡೆತನವನ್ನು ಹೇಳಿಕೊಂಡು ನ್ಯಾಯಾಲಯಕ್ಕೆ ಬಂದುದು ಪನಾಮಾ ದೇಶದಲ್ಲಿ ನೋಂದಣಿಯಾದ ಒಂದು ಕಂಪನಿ. ‘ಬೇನಾಮಿ’ ಎಂಬ ಪಾರಸಿ ಮಾತು ನಮ್ಮ ಕಂದಾಯದ ಕಡತಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹಣ ಒಬ್ಬನದು, ಹೆಸರು ಇನ್ನೊಬ್ಬನದು ಎಂಬ ಈ ಏರ್ಪಾಡಿನಲ್ಲಿ ಹೊಸತೇನೂ ಇಲ್ಲ. ಹೊಸತೆಂದರೆ, ಹೆಸರು ಕೊಟ್ಟವನು ಮನುಷ್ಯನೇ ಅಲ್ಲ, ಒಂದು ಕಾಗದ. ವ್ಯಾಜ್ಯವೆಲ್ಲ ಮುಗಿದು ಚಿತ್ರವು ಬ್ರೆಜಿಲಿಗೆ ಹಿಂದಿರುಗಿದುದು 2015ರಲ್ಲಿ. ಮರುವರ್ಷ ಲಂಡನ್ನಿನ ಹರಾಜಿನಲ್ಲಿ ಅದು ಒಂದು ಕೋಟಿ ಪೌಂಡಿಗೂ ಮಿಕ್ಕು ಮಾರಾಟವಾಯಿತು.

ಕೊಳ್ಳುವವನು ಯಾರೆಂದು ಕೇಳುವ ಪದ್ಧತಿ ಕಲಾವ್ಯಾಪಾರದಲ್ಲಿ ಏಕೆ ಬೆಳೆಯಲಿಲ್ಲ? ಇದನ್ನು ಕೇವಲ ಕಪಟವೆಂದು ತಳ್ಳಿಹಾಕುವುದು ಇತಿಹಾಸಕ್ಕೆ ನ್ಯಾಯವಲ್ಲ. ಲಂಡನ್ನಿನಲ್ಲಿ ಸಾದಬೀಸ್ ಹುಟ್ಟಿದುದು 1744ರಲ್ಲಿ, ಕ್ರಿಸ್ಟೀಸ್ 1766ರಲ್ಲಿ. ಮನೆತನದ ಹಿರಿಯನು ತೀರಿಕೊಂಡಾಗಲೋ ಸಾಲ ಮೈಮೇಲೆ ಬಂದಾಗಲೋ ಗೋಡೆಯ ಮೇಲಿನ ಚಿತ್ರ ಹರಾಜಿಗೆ ಬರುತ್ತಿತ್ತು. ಮಾರುವವನ ಮಾನ ಉಳಿಯಲೆಂದು ‘ಒಬ್ಬ ಗೃಹಸ್ಥರ ಸ್ವತ್ತು’ ಎಂದಷ್ಟೇ ಹರಾಜಿನ ಪಟ್ಟಿಯಲ್ಲಿ ಅಚ್ಚು ಮಾಡುವುದು ದಾಕ್ಷಿಣ್ಯದ ಕ್ರಮ. ದಾಕ್ಷಿಣ್ಯವು ವಾಡಿಕೆಯಾಯಿತು, ಮಾರುವವನಿಗೆ ಹಾಕಿದ ಮುಸುಕು ಕೊಳ್ಳುವವನಿಗೂ ದೊರೆಯಿತು.

ಬ್ಯಾಂಕುಗಳ ದಾರಿ ಬೇರೆ. 1928ರಲ್ಲಿ ಉಡುಪಿಯ ಸಿಂಡಿಕೇಟಿನವರು ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನವೂ ಮನೆಬಾಗಿಲಿಗೆ ಬಂದು ಕಾಸು ಪಡೆಯುತ್ತಿದ್ದ ಏಜೆಂಟನಿಗೆ ಠೇವಣಿದಾರನ ಮುಖವೇ ಸಾಕ್ಷಿ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರಿಗೆ ಆ ಅನುಕೂಲವಿರಲಿಲ್ಲ. ಹಳೆಯ ಖಾತೆದಾರನೊಬ್ಬನು ಅರ್ಜಿಯ ಮೇಲೆ ರುಜು ಹಾಕಿ ಪರಿಚಯಿಸಿದರೆ ಮಾತ್ರ ಖಾತೆ ತೆರೆಯುತ್ತಿತ್ತು. ಆ ರುಜುವಿಗಾಗಿ ಅಂಗಡಿ ಹೋಟೆಲುಗಳನ್ನು ಅಲೆದ ಹಿರಿಯರು ಎಷ್ಟೋ ಮಂದಿ. ಮುಖಪರಿಚಯದ ಸ್ಥಾನಕ್ಕೆ ಲಿಖಿತ ನಿಯಮ ಬಂದುದು ಹಗರಣಗಳ ಫಲವಾಗಿ. ಸ್ವಿಟ್ಜರ್ಲೆಂಡಿನ ಕಿಯಾಸೊ ಪಟ್ಟಣದಲ್ಲಿ ಕ್ರೆಡಿಟ್ ಸ್ವಿಸ್ ಶಾಖೆಯ ಅವ್ಯವಹಾರ 1977ರಲ್ಲಿ ಬಯಲಾದ ಮೇಲೆ ಅಲ್ಲಿನ ಬ್ಯಾಂಕುಗಳು ಗ್ರಾಹಕನ ಗುರುತಿನ ವಿಷಯದಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡವು. ನಮ್ಮ ರಿಸರ್ವ್ ಬ್ಯಾಂಕಿನ ‘ನಿಮ್ಮ ಗ್ರಾಹಕರನ್ನು ಅರಿಯಿರಿ’ ಎಂಬ ಸುತ್ತೋಲೆ 2002ರದು. ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆ ಜಾರಿಗೆ ಬಂದುದು 2005ರ ಜುಲೈ 1ರಂದು.

ಈ ಎರಡು ಸಂಪ್ರದಾಯಗಳು ಸಂಧಿಸುವಲ್ಲಿ ಆಗುವ ಅನಾಹುತವನ್ನು ಅಮೆರಿಕದ ಸೆನೆಟ್ಟಿನ ಉಪಸಮಿತಿಯು 2020ರ ಜುಲೈ ತಿಂಗಳ ವರದಿಯಲ್ಲಿ ವಿವರಿಸಿದೆ. 2014ರ ಮಾರ್ಚಿನಲ್ಲಿ ಅಮೆರಿಕವು ರಷ್ಯದ ಧನಿಕರಾದ ಅರ್ಕಾಡಿ ಮತ್ತು ಬೋರಿಸ್ ರೋಟೆನ್‌ಬರ್ಗ್ ಸಹೋದರರೊಡನೆ ವ್ಯವಹಾರವನ್ನು ನಿಷೇಧಿಸಿತು. ಮುಂದಿನ ಕೆಲವೇ ತಿಂಗಳುಗಳಲ್ಲಿ ಅವರಿಗೆ ಸಂಬಂಧಿಸಿದವೆಂದು ಸಮಿತಿ ಗುರುತಿಸಿದ ಕಂಪನಿಗಳು ಆ ದೇಶದಲ್ಲಿಯೇ 1 ಕೋಟಿ 80 ಲಕ್ಷ ಡಾಲರುಗಳಿಗೂ ಹೆಚ್ಚಿನ ಕಲಾಕೃತಿಗಳನ್ನು ಕೊಂಡವು. ಹರಾಜು ಸಂಸ್ಥೆಗಳಲ್ಲಿ ವಿಚಾರಣೆಯ ನಿಯಮಗಳು ಇರಲಿಲ್ಲವೆಂದಲ್ಲ. ಸ್ವಂತ ಇಚ್ಛೆಯಿಂದ ಮಾಡಿಕೊಂಡ ನಿಯಮಗಳಿದ್ದವು. ಆದರೆ ಎದುರಿಗೆ ನಿಂತ ಸಲಹೆಗಾರನನ್ನೇ ಗ್ರಾಹಕನೆಂದು ಭಾವಿಸಿ, ಅವನ ಗುರುತನ್ನು ಪರೀಕ್ಷಿಸಿ, ಪುಸ್ತಕವನ್ನು ಮುಚ್ಚಿದರು. ಹಣದ ಮೂಲವನ್ನು ಹೇಗೂ ಬ್ಯಾಂಕು ನೋಡಿರುತ್ತದೆಂಬುದು ವ್ಯಾಪಾರಿಗಳ ನಂಬಿಕೆ. ಇತ್ತ ಬ್ಯಾಂಕಿನ ಮೇಜಿನ ಮೇಲೆ ಹೆಸರಾಂತ ಹರಾಜು ಸಂಸ್ಥೆಯ ಬೀಜಕವಿದ್ದರೆ ಗುಮಾಸ್ತನ ಪ್ರಶ್ನೆಗಳು ಅರ್ಧಕ್ಕರ್ಧ ಇಳಿದುಹೋಗುತ್ತವೆ. ಹೀಗೆ ಒಬ್ಬರ ಖಾತೆಪುಸ್ತಕಕ್ಕೆ ಇನ್ನೊಬ್ಬರದು ಆಧಾರ, ಎರಡಕ್ಕೂ ನೆಲವಿಲ್ಲ. ಗುರುತಿನ ಚೀಟಿಗಳನ್ನು ಎಷ್ಟು ಜೋಡಿಸಿದರೂ, ಹಣ ಯಾರದೆಂಬ ಒಂದು ಪ್ರಶ್ನೆಯನ್ನು ಕೇಳದಿದ್ದರೆ ಪರೀಕ್ಷೆ ನಡೆಯಿತೆನ್ನಲಾಗದು.

ಯೂರೋಪಿನ ಒಕ್ಕೂಟವು 2018ರಲ್ಲಿ ಅಂಗೀಕರಿಸಿದ ನಿರ್ದೇಶನವು ಈ ಲೋಪವನ್ನು ನೇರವಾಗಿ ಎದುರಿಸಿತು. 10,000 ಯೂರೋ ಅಥವಾ ಅದಕ್ಕೆ ಮೇಲ್ಪಟ್ಟ ಮಾರಾಟದಲ್ಲಿ ಚಿತ್ರಶಾಲೆಯಾಗಲಿ ಹರಾಜಿನವರಾಗಲಿ ದಲ್ಲಾಳಿಯ ಹಿಂದಿರುವ ನಿಜವಾದ ಒಡೆಯನನ್ನು ತಿಳಿಯಲೇಬೇಕು. 2020ರ ಜನವರಿ 10 ಅದಕ್ಕೆ ಗೊತ್ತುಪಡಿಸಿದ ಗಡುವು. ಅಮೆರಿಕವು 2021ರ ಆರಂಭದಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರಿಗಳನ್ನು ಕಾಯಿದೆಯ ವ್ಯಾಪ್ತಿಗೆ ತಂದಿತು. ಚಿತ್ರಗಳ ವ್ಯಾಪಾರಿಗಳನ್ನು ಆಗ ಸೇರಿಸಲಿಲ್ಲ.

ನಮ್ಮ ನಗರಕ್ಕೂ ಈ ವಿಷಯ ದೂರದ್ದಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆಯ ಪ್ರಕರಣದಲ್ಲಿ ಆರೋಪಿಯಾದ ನೀರವ್ ಮೋದಿಗೆ ಸಂಬಂಧಿಸಿದ ಒಂದು ಕಂಪನಿಯ ಹೆಸರಿನಲ್ಲಿದ್ದ 68 ಕಲಾಕೃತಿಗಳು ಆದಾಯ ತೆರಿಗೆ ಇಲಾಖೆಯ ಪರವಾಗಿ 2019ರ ಮಾರ್ಚ್ 26ರಂದು ಮುಂಬಯಿಯಲ್ಲಿ ಹರಾಜಿಗೆ ಬಂದವು. ಗಾಯ್ತೊಂಡೆಯವರ ಒಂದು ಚಿತ್ರವೇ 25 ಕೋಟಿ ರೂಪಾಯಿಗಳನ್ನು ಮೀರಿತು. ರಾಜಾ ರವಿವರ್ಮನ ಒಂದು ಚಿತ್ರ 16 ಕೋಟಿಯನ್ನು ದಾಟಿತು. ಮರುವರ್ಷ, 2020ರ ಡಿಸೆಂಬರ್ 28ರ ಅಧಿಸೂಚನೆಯ ಮೂಲಕ ಕೇಂದ್ರ ಸರಕಾರವು ಹತ್ತು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೀರಿದ ನಗದು ವ್ಯವಹಾರ ನಡೆಸುವ ಚಿನ್ನ, ಬೆಳ್ಳಿ, ರತ್ನಗಳ ವರ್ತಕರನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ಕೆಳಗೆ ತಂದಿತು. ಆ ಅಧಿಸೂಚನೆಯಲ್ಲಿ ಚಿತ್ರಗಳ ಪ್ರಸ್ತಾಪವಿಲ್ಲ.