ಜಪಾನಿನ ಒಗ್ಗಟ್ಟು: ರಕ್ತದ್ದಲ್ಲ, ನೀರಿನದ್ದು

ಫುಟ್‌ಬಾಲ್ ವಿಶ್ವಕಪ್ ಬಂದಾಗಲೆಲ್ಲ ಒಂದು ವಿಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂದೇ ಬರುತ್ತದೆ. ಆಟ ಮುಗಿದ ಮೇಲೆ ಜಪಾನಿನ ಪ್ರೇಕ್ಷಕರು ನೀಲಿ ಚೀಲ ಹಿಡಿದು ಕ್ರೀಡಾಂಗಣದ ಕಸ ಹೆಕ್ಕುತ್ತಿರುತ್ತಾರೆ. ಜೊತೆಗೊಂದು ಒಕ್ಕಣೆ: ಒಗ್ಗಟ್ಟು ಅನ್ನೋದು ಅವರ ರಕ್ತದಲ್ಲೇ ಇದೆ ಅಂತ. ಕಸ ಹೆಕ್ಕುವುದು ಒಳ್ಳೆಯ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ರಕ್ತದ ಬಗ್ಗೆ. ರಕ್ತದಲ್ಲೇ ಇದ್ದಿದ್ದರೆ ಅದಕ್ಕಾಗಿ ಕಟ್ಟಳೆ ಮೇಲೆ ಕಟ್ಟಳೆ ಯಾಕೆ ಬೇಕಾಗುತ್ತಿತ್ತು?

ಮೊದಲ ಕಟ್ಟಳೆಯನ್ನೇ ನೋಡಿ. 604ರಲ್ಲಿ ರಾಜಕುಮಾರ ಶೋತೊಕು ಬರೆದನೆಂದು ಹೇಳುವ ಹದಿನೇಳು ವಿಧಿಗಳ ಶಾಸನ ಶುರುವಾಗುವುದೇ 'ವಾ' ಎಂಬ ಮಾತಿನಿಂದ. ವಾ ಅಂದರೆ ಸಾಮರಸ್ಯ. ಜಪಾನೀಯರ ಸ್ವಭಾವಕ್ಕೆ ಇದೇ ಸಾಕ್ಷಿ ಅಂತ ಅನೇಕರು ಬರೆಯುತ್ತಾರೆ. ಆದರೆ ಅದರ ಹಿಂದಿನ ವರ್ಷಗಳಲ್ಲಿ ಏನಾಗಿತ್ತು? 587ರಲ್ಲಿ ಸೋಗಾ ಮತ್ತು ಮೊನೊನೊಬೆ ಮನೆತನಗಳು ಯುದ್ಧಕ್ಕೆ ಇಳಿದಿದ್ದವು. 592ರಲ್ಲಿ ಸೋಗಾ ಮನೆತನದ ಯಜಮಾನ ಚಕ್ರವರ್ತಿಯನ್ನೇ ಕೊಲ್ಲಿಸಿದ್ದ. ಸಾಮರಸ್ಯ ತುಂಬಿ ತುಳುಕುತ್ತಿದ್ದ ಕಾಲ ಅದಲ್ಲ. ಅದು ಇಲ್ಲದ್ದಕ್ಕೇ ಮೊದಲ ಸಾಲಿನಲ್ಲಿ ಬರೆಯಬೇಕಾಯಿತು.

ಅರಮನೆಯ ಮಾತು ಹಾಗಿರಲಿ. ಒಗ್ಗಟ್ಟು ನಿಜವಾಗಿ ಬೇರುಬಿಟ್ಟಿದ್ದು ಹಳ್ಳಿಯಲ್ಲಿ, ಭತ್ತದ ಗದ್ದೆಯಲ್ಲಿ. ಮೇಲಿನ ಗದ್ದೆಯವನು ನೀರು ಬಿಟ್ಟರೆ ತಾನೆ ಕೆಳಗಿನವನಿಗೆ ಬೆಳೆ? ನಾಟಿ ಕೆಲವೇ ದಿನಗಳಲ್ಲಿ ಮುಗಿಯಬೇಕು, ಒಂದು ಮನೆಯ ಕೈಗಳು ಅದಕ್ಕೆ ಸಾಲುವುದಿಲ್ಲ. ಗೊಬ್ಬರಕ್ಕೆ ಸೊಪ್ಪು-ಹುಲ್ಲು, ಒಲೆಗೆ ಸೌದೆ ಎಲ್ಲ ಬರುತ್ತಿದ್ದದ್ದು ಊರೊಟ್ಟಿನ ಗುಡ್ಡದಿಂದ.

ಇದರ ಮೇಲೆ ಸರ್ಕಾರದ ಹಗ್ಗವೂ ಬಿತ್ತು. ತೊಕುಗಾವಾ ಆಳ್ವಿಕೆಯಲ್ಲಿ (1603–1868) ಭತ್ತದ ಕಂದಾಯವನ್ನು ಹಾಕುತ್ತಿದ್ದದ್ದು ಇಡೀ ಹಳ್ಳಿಗೆ. ಒಬ್ಬ ಕೊಡದಿದ್ದರೆ ಉಳಿದವರು ತುಂಬಿಕೊಡಬೇಕು. ಸುಮಾರು ಐದೈದು ಮನೆಗಳನ್ನು ಸೇರಿಸಿ 'ಗೊನಿನ್‌ಗುಮಿ' ಎಂಬ ಗುಂಪು ಮಾಡಿದರು. ಕಂದಾಯ ಬಾಕಿಯಾಗಲಿ, ಅಪರಾಧವಾಗಲಿ, ಒಂದು ಮನೆಯ ತಪ್ಪಿಗೆ ಉಳಿದ ನಾಲ್ಕೂ ಹೊಣೆ. ಹೀಗಿರುವಾಗ ಪಕ್ಕದ ಮನೆಯವನ ಮೇಲೆ ಕಣ್ಣಿಡದೆ ಇರೋಕಾಗುತ್ತಾ ಹೇಳಿ!

ಮಾತು ಕೇಳದವನಿಗೆ ಕಾದಿದ್ದದ್ದು 'ಮುರಾ ಹಾಚಿಬು', ಅಂದರೆ ಊರಿನ ಬಹಿಷ್ಕಾರ. 'ಹಾಚಿಬು' ಅಂದರೆ ಎಂಟು ಪಾಲು. ಜನರು ಕೊಡುವ ವಿವರಣೆ ಹೀಗಿದೆ: ಊರವರು ಒಬ್ಬರಿಗೊಬ್ಬರು ಒದಗುವ ಸಂದರ್ಭ ಹತ್ತು. ಮದುವೆ, ಹೆರಿಗೆ, ಕಾಯಿಲೆ, ಮನೆ ಕಟ್ಟುವುದು, ಪ್ರವಾಹ ಇತ್ಯಾದಿ ಎಂಟರಲ್ಲಿ ಆ ಮನೆಯ ಸಂಬಂಧ ಕಡಿದುಹಾಕುತ್ತಾರೆ. ಎರಡನ್ನು ಉಳಿಸುತ್ತಾರೆ. ಒಂದು ಬೆಂಕಿ ಅನಾಹುತ, ಇನ್ನೊಂದು ಸಾವು. ಇದರಲ್ಲಿ ಕರುಣೆ ಏನಿಲ್ಲ. ಬೆಂಕಿ ಪಕ್ಕದ ಮನೆಗೂ ಹಬ್ಬುತ್ತದೆ, ಹೆಣ ಕೊಳೆತರೆ ಊರಿಗೇ ತೊಂದರೆ. ಅಷ್ಟೇ ಲೆಕ್ಕ. ನೀರು, ಗುಡ್ಡದ ಹುಲ್ಲು, ನಾಟಿಯ ಕೈಗಳು ಎಲ್ಲ ತಪ್ಪಿದ ಮನೆ ಬದುಕುವುದಾದರೂ ಹೇಗೆ?

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕತೆ ಹೇಳಿದಂತಾಗುತ್ತದೆ. ಒಬ್ಬೊಬ್ಬರನ್ನು ಹೆದರಿಸಿ ಇಟ್ಟಿದ್ದ ಇದೇ ಹಳ್ಳಿ, ಪ್ರಭುವಿನ ಎದುರು ನಿಂತಾಗ ಅದೇ ಒಗ್ಗಟ್ಟನ್ನು ಗುರಾಣಿ ಮಾಡಿಕೊಂಡಿತು. ಇಂದಿನ ಗಿಫು ಪ್ರಾಂತ್ಯದ ಗುಜೋದಲ್ಲಿ, 1754ರಲ್ಲಿ, ಪ್ರಭು ಕಂದಾಯ ಲೆಕ್ಕಹಾಕುವ ರೀತಿಯನ್ನೇ ಬದಲಿಸಿ ಹೆಚ್ಚು ವಸೂಲಿಗೆ ಹೊರಟ. ರೈತರು ಎದ್ದರು. ಒಪ್ಪಂದದ ಪತ್ರದಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ ಬರೆಯದೆ ಚಕ್ರದಂತೆ ಸುತ್ತಲೂ ಬರೆದರು. ಬಿಚ್ಚಿದ ಛತ್ರಿಯ ಕಡ್ಡಿಗಳ ಹಾಗೆ ಕಾಣುವುದರಿಂದ ಇದಕ್ಕೆ 'ಕರಕಸ ರೆನ್‌ಪಾನ್‌ಜೋ', ಛತ್ರಿ ಸಹಿಪತ್ರ, ಅಂತ ಹೆಸರು. ಮೊದಲ ಹೆಸರು ಯಾವುದು, ಕೊನೆಯದ್ದು ಯಾವುದು ಗೊತ್ತಾಗದು. ಮುಂದಾಳು ಯಾರು ಅಂತ ಅಧಿಕಾರಿ ಬೆರಳಿಟ್ಟು ತೋರಿಸಲಾರ. ಹೋರಾಟ 1758ರವರೆಗೆ ನಡೆಯಿತು. ಹಲವು ರೈತರ ತಲೆ ಹೋಯಿತು. ಆದರೆ ಪ್ರಭು ಕಾನಾಮೊರಿಯ ಸಂಸ್ಥಾನವೂ ಹೋಯಿತು! ರೈತರ ಬಂಡಾಯಕ್ಕೆ ಒಬ್ಬ ಪ್ರಭು ಸಂಸ್ಥಾನ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಅಲ್ಲೂ ಒತ್ತಡ ಇರಲಿಲ್ಲ ಅಂತಲ್ಲ. ಹೋರಾಟಕ್ಕೆ ಬಂದವರು 'ನಿಂತ ರೈತರು', ಬಾರದವರು 'ಮಲಗಿದ ರೈತರು' ಅಂತ ಊರು ಎರಡಾಗಿತ್ತು.

ಗುಂಪು ಎಂಬ ಈ ಸಲಕರಣೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನು ಸರ್ಕಾರ ಮರೆಯಲಿಲ್ಲ. ಯುದ್ಧದ ಕಾಲದಲ್ಲಿ, 1940ರಲ್ಲಿ, ಸುಮಾರು ಹತ್ತು ಮನೆಗೊಂದರಂತೆ ದೇಶದ ತುಂಬ 'ತೊನಾರಿಗುಮಿ', ನೆರೆಹೊರೆ ಗುಂಪುಗಳನ್ನು ಕಡ್ಡಾಯ ಮಾಡಿತು. ಬೆಂಕಿ ಆರಿಸುವ ತಾಲೀಮು ಇವುಗಳದ್ದೇ. ಪಡಿತರ ಬರುವುದೂ ಇವುಗಳ ಮೂಲಕವೇ. ಗುಂಪಿನ ಜೊತೆ ಮುನಿಸಿಕೊಂಡರೆ ಅಕ್ಕಿಗೂ ಕುತ್ತು. 1947ರಲ್ಲಿ ಅಮೆರಿಕನ್ನರ ಆಡಳಿತ ಇದನ್ನು ರದ್ದು ಮಾಡಿತು.

ಕಾಗದದಲ್ಲಿ ರದ್ದಾದದ್ದು ಮನಸ್ಸಿನಲ್ಲಿ ಆಗಬೇಕಲ್ಲ. 1952ರಲ್ಲಿ, ಫುಜಿ ಪರ್ವತದ ತಪ್ಪಲಿನ ಶಿಜುವೊಕಾ ಪ್ರಾಂತ್ಯದ ಉಯೆನೊ ಎಂಬ ಹಳ್ಳಿಯಲ್ಲಿ ಚುನಾವಣೆ ನಡೆಯಿತು. ಯಾರದ್ದೋ ಹೆಸರಿನಲ್ಲಿ ಇನ್ಯಾರೋ ಮತ ಹಾಕಿದರು. ಹೈಸ್ಕೂಲಿನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಇದನ್ನು 'ಅಸಾಹಿ' ಪತ್ರಿಕೆಗೆ ಬರೆದು ತಿಳಿಸಿದಳು. ಅವಳು ಬರೆದದ್ದು ಸುಳ್ಳು ಅಂತ ಊರವರು ವಾದಿಸಲಿಲ್ಲ. ಊರಿನ ಮಾನ ತೆಗೆದಳು ಅಂದರು. ಅವಳ ಮನೆಯವರ ಜೊತೆ ಮಾತು ಬಿಟ್ಟರು, ಹೊಲದ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು. ಹೊಸ ಸಂವಿಧಾನ ಬಂದು ಐದು ವರ್ಷವಾಗಿತ್ತು, ಆದರೂ ಅದೇ ಹಳೆಯ ಮುರಾ ಹಾಚಿಬು.

ಹಾಗಾಗಿ ಯಾವುದಾದರೂ ಸಮಾಜ ತುಂಬ ಸಾಮರಸ್ಯದಿಂದ ಇದೆ ಅಂತ ಯಾರಾದರೂ ಹೊಗಳಿದರೆ ನಾನು ಕೇಳುವ ಪ್ರಶ್ನೆ ಒಂದೇ: ಅಲ್ಲಿ 'ಇಲ್ಲ' ಅಂದವನ ಗದ್ದೆಗೆ ನಾಳೆ ನೀರು ಬರುತ್ತದೆಯೇ? ಗುಜೋದ ರೈತರು 'ಇಲ್ಲ' ಅಂದಾಗ ಪ್ರತಿಯೊಬ್ಬನ ಹೆಸರಿನ ಎಡಕ್ಕೂ ಬಲಕ್ಕೂ ಇನ್ನೊಂದು ಹೆಸರಿತ್ತು. ಉಯೆನೊದ ಹುಡುಗಿಯ ಪತ್ರದ ಕೆಳಗೆ ಇದ್ದದ್ದು ಅವಳದ್ದೊಂದೇ.