ಪಿ.ಪಿ. ನಂಬರಿನಿಂದ ಓಟಿಪಿವರೆಗೆ

ಮನೆಯ ಟ್ರಂಕಿನಲ್ಲಿ 1980ರ ದಶಕದ ಲಗ್ನಪತ್ರಿಕೆ ಇದ್ದರೆ ಒಮ್ಮೆ ತೆಗೆದು ನೋಡಿ. ಬೆಂಗಳೂರಿನ ನೆಂಟರ ವಿಳಾಸದ ಕೆಳಗೆ ಒಂದು ಫೋನ್ ನಂಬರ್, ಪಕ್ಕದಲ್ಲಿ ‘ಪಿ.ಪಿ.’ ಅಂತ ಎರಡು ಅಕ್ಷರ ಇರಬಹುದು. ಪರ್ಟಿಕ್ಯುಲರ್ ಪರ್ಸನ್ ಅಂತ ಅದರ ಅರ್ಥ. ಫೋನ್ ನಮ್ಮದಲ್ಲ, ಪಕ್ಕದ ಮನೆಯವರದು, ಅವರು ಹೋಗಿ ಕರೆಯುತ್ತಾರೆ, ಲೈನಿನಲ್ಲೇ ಇರಿ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ.

ಈ ಪಿ.ಪಿ. ಕೂಡ ಒಂದು ವೆರಿಫಿಕೇಷನ್ನೇ ಅಲ್ಲವೇ? ಫೋನ್ ಎತ್ತಿದ ಯಜಮಾನರು ‘ಯಾರು? ಯಾವೂರು? ಅವರಿಗೆ ಏನಾಗಬೇಕು?’ ಅಂತ ವಿಚಾರಿಸಿಯೇ ಹುಡುಗನನ್ನು ಓಡಿಸುತ್ತಿದ್ದರು. ಮಗಳ ಸಂಬಂಧ, ಊರಿನ ಸಾವು, ಕೆಲಸದ ಸುದ್ದಿ ಎಲ್ಲವೂ ಮೊದಲು ಅವರ ಕಿವಿಗೆ ಬೀಳುತ್ತಿದ್ದವು. ಮರ್ಯಾದೆಯೂ ಇತ್ತು, ಮುಜುಗರವೂ ಇತ್ತು.

ಇದು ನೆನಪಾಗಿದ್ದು ವಿಜಯನಗರದ ಆರ್‌ಪಿಸಿ ಲೇಔಟ್‌ನಲ್ಲಿ. ಹಂಪಿನಗರ ಅಂತಲೂ ಕರೆಯುವ ಈ ಬಡಾವಣೆಯ ಲೈಬ್ರರಿ, ಸುತ್ತಲಿನ ಕೋಚಿಂಗ್ ಸೆಂಟರ್, ಪಿಜಿಗಳಲ್ಲಿ ನಮ್ಮೂರುಗಳ ಹುಡುಗ ಹುಡುಗಿಯರು ಕೆಎಎಸ್, ಪಿಎಸ್‌ಐ ಅಂತ ಓದುತ್ತಿರುತ್ತಾರೆ. ಅವರಲ್ಲೊಬ್ಬ, ಹಾವೇರಿ ಕಡೆಯ ಹುಡುಗ, ಪಿಜಿ ಬಾಡಿಗೆಗಾದರೂ ಆಗಲಿ ಅಂತ ಅನುವಾದದ ಕೆಲಸ ಹುಡುಕಿ ಒಂದು ಫ್ರೀಲಾನ್ಸ್ ಕಂಪನಿಯಲ್ಲಿ ಅಕೌಂಟ್ ತೆರೆದ. ಕೆಲಸದ ಪರೀಕ್ಷೆಯಲ್ಲಿ ಪಾಸಾದ. ನಿಂತಿದ್ದು ಓಟಿಪಿಯಲ್ಲಿ. ಆಧಾರ್, ಬ್ಯಾಂಕು, ಎಲ್ಲಕ್ಕೂ ಕೊಟ್ಟಿದ್ದು ಊರಿನಲ್ಲಿರುವ ಅಪ್ಪನ ನಂಬರ್, ಇಲ್ಲೂ ಅದನ್ನೇ ಕೊಟ್ಟಿದ್ದ. ಅಪ್ಪ ಹೊಲದಲ್ಲಿ. ಅವರು ಮನೆಗೆ ಬಂದು ಮೆಸೇಜ್ ಓದಿಸಿ ಹೇಳುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿತ್ತು. ಮೂರು ಸಲ ಹೀಗಾದ ಮೇಲೆ ಅಕೌಂಟ್ ಲಾಕ್.

ನಂಬರೇ ಗುರುತು ಆಗಿದ್ದು ಹೇಗೆ? ಕಥೆಯ ಒಂದು ತುದಿ ನಮ್ಮ ಕಿತ್ತೂರಿನಲ್ಲೇ ಇದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ ತಯಾರಿಸಿದ 128 ಲೈನಿನ ಚಿಕ್ಕ ಎಕ್ಸ್‌ಚೇಂಜನ್ನು 1986ರಲ್ಲಿ ಪರೀಕ್ಷೆಗೆ ಇಟ್ಟಿದ್ದು ಅಲ್ಲಿ. ಏರ್ ಕಂಡೀಷನ್ ಇಲ್ಲದೆ ನಮ್ಮ ಬಿಸಿಲು, ಧೂಳಿನಲ್ಲಿ ನಡೆಯುವ ಯಂತ್ರ. ಆಮೇಲೆ ಎಸ್‌ಟಿಡಿ ಬೂತುಗಳು ಬಂದವು. ಆಗ ಫೋನು ಒಂದು ಜಾಗದ ಗುರುತಾಗಿತ್ತು, ಮನುಷ್ಯನದ್ದಲ್ಲ. ಮೊಬೈಲ್ ಅದನ್ನು ಬದಲಿಸಿತು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆದ ಮೇಲಂತೂ ನಂಬರ್ ಜೇಬಿಗೇ ಬಂತು.

2009ರ ಆಗಸ್ಟ್‌ನಿಂದ ರಿಸರ್ವ್ ಬ್ಯಾಂಕ್, ಆನ್‌ಲೈನಿನಲ್ಲಿ ಕಾರ್ಡಿನಿಂದ ಹಣ ಕೊಡುವಾಗ ಕಾರ್ಡಿನ ಮೇಲೆ ಕಾಣದ ಇನ್ನೊಂದು ಪುರಾವೆ ಬೇಕೇಬೇಕು ಅಂದಿತು. ನಿಧಾನವಾಗಿ ಆ ಪುರಾವೆ ಓಟಿಪಿ ಆಯಿತು. 2017ರಲ್ಲಿ ಎಲ್ಲ ಸಿಮ್‌ಗಳಿಗೂ ಆಧಾರ್ ಜೋಡಿಸಿ ಅಂತ ದೂರಸಂಪರ್ಕ ಇಲಾಖೆ ಆದೇಶಿಸಿತು, ಅಂಗಡಿಗಳ ಮುಂದೆ ಬೆರಳು ಒತ್ತಲು ಕ್ಯೂ ನಿಂತಿದ್ದು ನೆನಪಿರಬಹುದು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಆ ಕಡ್ಡಾಯವನ್ನು ರದ್ದು ಮಾಡಿತು. ರೂಢಿ ಮಾತ್ರ ಉಳಿಯಿತು. 2021ರಲ್ಲಿ ಕೊರೊನಾ ಲಸಿಕೆಗೆ ಕೋವಿನ್‌ನಲ್ಲಿ ಹೆಸರು ಬರೆಸಲು ಓಟಿಪಿ, ಮೊದಲಿಗೆ ಒಂದು ನಂಬರಿಗೆ ನಾಲ್ಕೇ ಜನ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿಯ ಸುದ್ದಿಗೆ ಹೋದಾಗ ಸೇವಾ ಕೇಂದ್ರದ ಮುಂದೆ ಕೇಳಿದ್ದು ಒಂದೇ ಮಾತು: ‘ಫೋನು ಮಗನ ಹತ್ರ ಅದೇ, ಅವನು ಬೆಂಗಳೂರಲ್ಲಿ ಅವನೆ.’ ಅಮ್ಮನ ದುಡ್ಡಿನ ಬೀಗದ ಕೈ ಇನ್ನೂರು ಮೈಲಿ ದೂರದಲ್ಲಿ.

ಆಫ್ರಿಕಾದ ಹುಡುಗರ ಪಾಡೂ ಇದೇ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಬಂದು ಫೋನ್ ನಂಬರೇ ಹಣದ ಚೀಲವಾಯಿತು, ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮೊದಲು. ಅಷ್ಟು ಮುಂದಿದ್ದವರು ಕೂಡ ವಿದೇಶಿ ಫ್ರೀಲಾನ್ಸ್ ತಾಣಗಳ ಬಾಗಿಲಲ್ಲಿ ಕೋಡ್ ಬರಲಿಲ್ಲ ಅಂತ ಕಾಯುತ್ತಾರೆ. ದೇಶದಿಂದ ದೇಶಕ್ಕೆ ಹೋಗುವ ಮೆಸೇಜು ನಾಲ್ಕಾರು ಕಂಪನಿಗಳ ಕೈ ದಾಟಬೇಕು, ಎಲ್ಲೋ ಒಂದು ಕಡೆ ಸೋಸಿ ಹೋಗುತ್ತದೆ. ಇಂಟರ್ನೆಟ್ ನಂಬರ್ ಕೊಟ್ಟರೆ ಹಲವು ಕಡೆ ಒಪ್ಪುವುದಿಲ್ಲ. ನೈಜೀರಿಯಾದಲ್ಲಂತೂ ರಾಷ್ಟ್ರೀಯ ಗುರುತಿನ ಸಂಖ್ಯೆ ಜೋಡಿಸಿಲ್ಲ ಅಂತ 2022ರ ಏಪ್ರಿಲ್‌ನಲ್ಲಿ 7 ಕೋಟಿಗೂ ಹೆಚ್ಚು ಸಿಮ್‌ಗಳ ಹೊರಹೋಗುವ ಕರೆಯನ್ನೇ ನಿಲ್ಲಿಸಿದರು.

ಬಾಗಿಲು ಮುಚ್ಚಿದಲ್ಲಿ ದಲ್ಲಾಳಿ ಹುಟ್ಟುತ್ತಾನೆ. ಬೇರೆಯವರ ನಂಬರಿನಲ್ಲಿ ತೆರೆದ ಅಕೌಂಟು ಬಾಡಿಗೆಗೆ ಸಿಗುತ್ತದೆ. ದುಡಿಯುವವನು ಒಬ್ಬ, ಹೆಸರು ಇನ್ನೊಬ್ಬನದು, ದುಡ್ಡು ಮೊದಲು ಹೆಸರಿನವನ ಕೈಗೆ. ನಮ್ಮ ಹಾವೇರಿ ಹುಡುಗನಿಗೂ ಯಾರೋ ‘ಸಿಮ್ ಕೊಡಿಸ್ತೀನಿ, ಇನ್ನೊಬ್ಬರ ಹೆಸರಲ್ಲಿ’ ಅಂದಿದ್ದರಂತೆ. ಬೇಡ ಅಂದೆವು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೋಸದಿಂದ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಪೊಲೀಸ್ ಕೆಲಸಕ್ಕೆ ಓದುವವನಿಗೆ ಇದಕ್ಕಿಂತ ದೊಡ್ಡ ಕಂಟಕ ಬೇಕೇ?

ಇನ್ನೊಂದು ಎಚ್ಚರ: 90 ದಿನ ಬಳಸದ ಸಿಮ್ ಬಂದ್ ಆಗಬಹುದು, ಕೆಲಕಾಲದ ನಂತರ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ಊರಲ್ಲಿ ಡಬ್ಬಿಯಲ್ಲಿಟ್ಟ ಅಜ್ಜನ ಸಿಮ್ ನಿಮ್ಮ ಬ್ಯಾಂಕಿಗೆ ಜೋಡಣೆಯಾಗಿದ್ದರೆ ಇಂದೇ ನೋಡಿ.

ಹುಡುಗ ಹೋದ ವಾರ ಆಧಾರ್ ಕೇಂದ್ರಕ್ಕೆ ಹೋಗಿ ತನ್ನದೇ ನಂಬರ್ ಸೇರಿಸಿದ. ಲಾಕ್ ಆದ ಅಕೌಂಟಿಗೆ ಬರೆದ ಅರ್ಜಿಗೆ ಉತ್ತರ ಬಂದಿಲ್ಲ. ಅಪ್ಪ ಮಾತ್ರ ಈಗಲೂ ಬ್ಯಾಂಕಿನ ಮೆಸೇಜ್ ಬಂದಾಗಲೆಲ್ಲ ಪಕ್ಕದ ಮನೆಯ ಹುಡುಗಿಯಿಂದ ಓದಿಸಿ, ಮಗನಿಗೆ ಫೋನ್ ಮಾಡಿ ಅಂಕಿಗಳನ್ನು ಒಂದೊಂದಾಗಿ ಹೇಳುತ್ತಾರೆ.