ಸಂಕಮ್ಮನಿಂದ ಮರಂಕಿಯವರೆಗೆ

ಶಿವರಾತ್ರಿ ಹತ್ತಿರವಾದಂತೆ ಮಲೆ ಮಾದಪ್ಪನ ಒಕ್ಕಲು ಕನಕಪುರ ದಾಟಿ ಸಂಗಮದ ದಾರಿ ಹಿಡಿಯುತ್ತದೆ. ನೆತ್ತಿಯ ಮೇಲೆ ಗಂಟು, ಬಾಯಲ್ಲಿ ‘ಉಘೇ ಮಾದಪ್ಪ’. ಹೊಳೆ ದಾಟಿ ಬೆಟ್ಟ ಹತ್ತುವ ಈ ಒಕ್ಕಲಿನ ಕಾವ್ಯದಲ್ಲೇ ಸಂಕಮ್ಮ ಇದ್ದಾಳೆ. ಜೇನು ಕೊಯ್ಯಲು ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ತಪ್ಪಿ ನಡೆಯೆನೆಂದು ‘ಬಲಗೈ ಭಾಷೆ ಕೊಡು’ ಅನ್ನುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸು ಅವಳಿಗಿಲ್ಲ. ಭಾಷೆ ಕೇಳಿದ್ದೇ ಅವಮಾನವಾಗಿ ಕಂಡಿದೆ. ಕಂಸಾಳೆಯವರು ಇದನ್ನು ಹಾಡುವಾಗ ಕಟಕಟೆಯಲ್ಲಿ ನಿಲ್ಲುವವನು ಗಂಡನೇ.

ಹಳಗನ್ನಡದ ಅಮೃತಮತಿ ನಿಜಕ್ಕೂ ಗಂಡನನ್ನು ಮೀರಿ ಹೋದವಳು. 1209ರ ‘ಯಶೋಧರ ಚರಿತೆ’ಯಲ್ಲಿ ಜನ್ನ ಅವಳನ್ನು ಕುರೂಪಿ ಮಾವುತನ ಹಾಡಿಗೆ ಸೋಲಿಸುತ್ತಾನೆ, ಕೊನೆಗೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಆದರೂ ಜನ್ಮಜನ್ಮಾಂತರಕ್ಕೆ ಎಳೆದುಕೊಂಡು ಹೋಗುವ ಪಾಪ, ಗಂಡನಾದ ದೊರೆ ಬಲಿಕೊಟ್ಟ ಹಿಟ್ಟಿನ ಕೋಳಿಯದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆಯುವಾಗ ಕೆದಕಿದ್ದು ಇದೇ ಗಾಯವನ್ನು. ಅವರದೇ ‘ನಾಗಮಂಡಲ’ಕ್ಕೆ ಆಧಾರ, ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಗಳು. ಅಲ್ಲಿ ನಾಯಕಿ ರಾಣಿ ತನ್ನ ನಿಷ್ಠೆಗೆ ಸಾಕ್ಷಿಯಾಗಿ ಹಾವನ್ನೇ ಹಿಡಿದು ಆಣೆಯಿಡುತ್ತಾಳೆ, ಆಡಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಕಾದಂಬರಿಗೆ ದೇವರ ಕಾವಲಿಲ್ಲ. ಭೈರಪ್ಪನವರ ‘ವಂಶವೃಕ್ಷ’ದಲ್ಲಿ (1965) ಶ್ರೀನಿವಾಸ ಶ್ರೋತ್ರಿಗಳ ಹುಟ್ಟಿನ ಗುಟ್ಟಿನ ಹಿಂದೆ ಇರುವುದು ತಾಯಿಯ ಚಪಲವಲ್ಲ, ತಂದೆಯ ಆಸ್ತಿಯ ಹಟ. ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿ ದೇಹದ ಹಸಿವಿಗೆ ನಾಚಿಕೊಳ್ಳದೆ ನಿಂತವಳು. 1973ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಜಯಂತಿಯ ಮುಖದ ಮೇಲೆ ಆ ಹಸಿವೂ ತಪ್ಪಿತಸ್ಥ ಭಾವವೂ ಒಟ್ಟಿಗೇ ಕಂಡವು.

ನನ್ನನ್ನು ಬಿಡದೆ ಕಾಡುವವಳು ಮಾತ್ರ ಆಲನಹಳ್ಳಿ ಕೃಷ್ಣರ ‘ಪರಸಂಗದ ಗೆಂಡೆತಿಮ್ಮ’ದ ಮರಂಕಿ. ಅವಳ ಗಂಡ ತಿಮ್ಮ ಊರೂರು ಸುತ್ತಿ ಸೋಪು, ಪೌಡರು ಮಾರುವವ. ಮಾಗಡಿಯ ಸಂತೆಯಲ್ಲಿ, ಚನ್ನಪಟ್ಟಣದ ಬೀದಿಯಲ್ಲಿ ಟೇಪು, ಹೇರ್‌ಪಿನ್ನು ಹರಡಿ ಕೂತವರನ್ನು ಕಂಡಾಗಲೆಲ್ಲ ಇವನ ನೆನಪು. ಪೇಟೆಯ ಷೋಕಿಯನ್ನು ಹಳ್ಳಿಗೆ ಹೊತ್ತು ತಂದವನೇ ಅವನು. ಆ ಷೋಕಿ ಹೆಂಡತಿಯ ಮೈಮೇಲೆ ಕಂಡಾಗ ಹಳ್ಳಿ ಕಣ್ಣು ಕೆಂಪು ಮಾಡುತ್ತದೆ. ಅವಳ ಮನಸ್ಸು ಊರ ಶಾಲೆಯ ಮೇಷ್ಟ್ರ ಕಡೆ ವಾಲಿದ್ದು ತಪ್ಪೇ ಇರಬಹುದು. ಆದರೆ ಒಂದು ಮಾತಿಗೆ ಸರಿಸಮ ಮಾತಾಡಬಲ್ಲವನು ಆ ಊರಲ್ಲಿ ಇನ್ಯಾರಿದ್ದ? ತಿಮ್ಮ ಒಳ್ಳೆಯವನು, ಸಂಕಟ ಅಲ್ಲೇ ಇರುವುದು. ನೀಲೇಗೌಡನಂಥ ಗಂಡನಾಗಿದ್ದರೆ ಓದುಗನಿಗೆ ಪಕ್ಷ ಹಿಡಿಯುವುದು ಸುಲಭವಾಗುತ್ತಿತ್ತು.

1978ರ ಸಿನಿಮಾದಲ್ಲಿ ಲೋಕೇಶ್ ತಿಮ್ಮನಾದರು. ನಮ್ಮ ಕಣ್ಣೀರೆಲ್ಲ ಅವನ ಪಾಲಾಯಿತು. ಕಾದಂಬರಿಯೂ ಹೆಚ್ಚಾಗಿ ಅವನ ಬೆನ್ನ ಹಿಂದೆಯೇ ನಡೆಯುತ್ತದೆ. ಬಲಗೈ ಭಾಷೆ ಕೊಡೆನೆಂದ ಸಂಕಮ್ಮನ ಮಾತು ಇವತ್ತಿಗೂ ಕಂಸಾಳೆಯ ತಾಳಕ್ಕೆ ಕೇಳಿಸುತ್ತದೆ. ಮರಂಕಿ ತನ್ನ ಕಥೆಯನ್ನು ತಾನೇ ಹೇಳುವ ಪುಟ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ.